ಹೆಸರು ಉಳಿಯಿತು, ಕೈಗಳು ಎಲ್ಲಿ ಹೋದವು?

(ಜಹೀರಾಬಾದಿನಲ್ಲಿ ಭಾನುವಾರ ಸಾಯಂಕಾಲ ಸೇರಿದ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)

ನಾರಾಯಣಖೇಡದಿಂದಲೂ ತಾಂಡೂರಿನಿಂದಲೂ ಬಸ್ಸು ಬದಲಾಯಿಸಿ ಬಂದಿರುವವರೂ ಇಲ್ಲಿದ್ದೀರಿ. ಈ ಮಾತುಗಳು ಅಚ್ಚಾಗಿ ಘಟ್ಟದ ತೋಟಗಳ ಲೈನು ಮನೆಗಳಿಗೂ ತಲುಪುತ್ತವೆ ಎಂದು ಹೇಳಿದ್ದಾರೆ. ಆದ್ದರಿಂದ ಅಲ್ಲಿಯ ನಮ್ಮ ಬಂಧುಗಳನ್ನೂ ಎದುರಿಗೆ ಕೂರಿಸಿಕೊಂಡವರಂತೆ ಮಾತಾಡುತ್ತೇವೆ.

ಹೋದ ಸಲದ ಕೂಟ ಮುಗಿದ ಮೇಲೆ ಒಬ್ಬ ಹುಡುಗ ನಮ್ಮ ಹತ್ತಿರ ಬಂದ. ಹೆದ್ದಾರಿಯ ಪಕ್ಕದ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿಯುವವನು. ಉಗುರಿನಲ್ಲಿ ಗ್ರೀಸು ಇನ್ನೂ ಇತ್ತು. "ಕಾಕಾ, ನಮ್ಮ ಅಜ್ಜನ ಸೈಕಲ್ ಮೇಲೆ ಬಿ.ಎಸ್.ಎ. ಅಂತ ಇದೆ. ಮೊನ್ನೆ ಒಂದು ಹೊಸ ಫಟಫಟಿ ನೋಡಿದೆ, ಅದರ ಟಾಕಿಯ ಮೇಲೂ ಬಿ.ಎಸ್.ಎ. ಅಂತಲೇ ಇದೆ. ಸೈಕಲ್ ಕಂಪನಿಯವರು ಫಟಫಟಿ ಯಾವಾಗ ಮಾಡಿದರು?" ಎಂದು ಕೇಳಿದ. ನಮಗೆ ಆಗ ಉತ್ತರ ತಿಳಿದಿರಲಿಲ್ಲ. ತಿಳಿಯದು ಎಂದೇ ಹೇಳಿದೆವು. ಆಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇವೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಬಂದೂಕು ಮಾಡುವವರು 1861ರಲ್ಲಿ ಒಟ್ಟಾಗಿ ಕಟ್ಟಿದ ಕಂಪನಿ ಅದು. ಹಳೆಯ ಬಿ.ಎಸ್.ಎ. ಲಾಂಛನದಲ್ಲಿ ಮೂರು ಬಂದೂಕುಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿರುವುದನ್ನು ನೀವು ಕಂಡಿರಬಹುದು. ಬಂದೂಕಿನ ಬೇಡಿಕೆ ಇಳಿದಾಗ ಅವರು ಸೈಕಲ್ ಮಾಡಿದರು. 1910ರ ಹೊತ್ತಿಗೆ ಮೋಟಾರು ಸೈಕಲ್ ಮಾಡಿದರು. ನಮ್ಮ ದೇಶದಲ್ಲಿ ಆ ಹೆಸರಿನ ಸೈಕಲ್‌ಗಳನ್ನು ಮದರಾಸಿನ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್ ಕಂಪನಿ ತಯಾರಿಸಿತು. ಇಂಗ್ಲೆಂಡಿನ ಮೂಲ ಕಂಪನಿ 1973ರಲ್ಲಿ ಕುಸಿಯಿತು. ಅದರ ಹೆಸರನ್ನು 2016ರಲ್ಲಿ ಕೊಂಡದ್ದು ಮಹೀಂದ್ರ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಎಂಬ ಸಂಸ್ಥೆ. ಮಹೀಂದ್ರ ಎಂದರೆ ಬೇರೆ ಯಾರೂ ಅಲ್ಲ, ನಮ್ಮ ಇದೇ ಜಹೀರಾಬಾದಿನಲ್ಲಿ ಟ್ರ್ಯಾಕ್ಟರ್ ಮಾಡುವವರೇ. ಆ ಹೆಸರಿನ ಹೊಸ ಮೋಟಾರು ಸೈಕಲ್ ನಮ್ಮ ದೇಶದ ಪೇಟೆಗೆ ಬಂದದ್ದು 2024ರ ಆಗಸ್ಟ್‌ನಲ್ಲಿ.

ಹುಡುಗನ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಇದನ್ನು ಓದುತ್ತಿದ್ದಂತೆ ಬೇರೊಂದು ಪ್ರಶ್ನೆ ನಮ್ಮನ್ನು ಕಾಡತೊಡಗಿತು. ಹೆಸರನ್ನು ಮಾರಿದರು, ಕೊಂಡರು. ಆ ಹೆಸರಿಗೆ ಬೆಲೆ ತಂದುಕೊಟ್ಟ ಕೈಗಳು ಎಲ್ಲಿ ಹೋದವು? ಇಂದಿನ ನಮ್ಮ ಮಾತು ಅದರ ಮೇಲೆ.

ಮೊದಲು ಆರಂಭದ ಕಾಲವನ್ನು ನೋಡೋಣ. ಇಂಗ್ಲೆಂಡಿನ ರಸ್ತೆಯಲ್ಲಿ ಯಂತ್ರದ ಗಾಡಿ ಓಡಿಸಲು ಹಿಂದೆ ಬಹಳ ಕಟ್ಟುಪಾಡು ಇತ್ತು. ಗಂಟೆಗೆ ನಾಲ್ಕು ಮೈಲಿಗಿಂತ ಬೇಗ ಹೋಗಕೂಡದು. ಗಾಡಿಯ ಮುಂದೆ ಒಬ್ಬ ಆಳು ನಡೆಯಬೇಕು. 1896ರಲ್ಲಿ ಹೊಸ ಕಾನೂನು ಬಂದು ಈ ಕಟ್ಟು ಸಡಿಲಾಯಿತು. ಆಗ ಸೈಕಲ್ ಮಾಡುತ್ತಿದ್ದ ಊರುಗಳಾದ ಕೊವೆಂಟ್ರಿ, ಬರ್ಮಿಂಗ್‌ಹ್ಯಾಮ್, ವುಲ್ವರ್‌ಹ್ಯಾಂಪ್ಟನ್ ಮೊದಲಾದ ಕಡೆ ಒಂದೊಂದು ಓಣಿಯಲ್ಲೂ ಯಾರಾದರೊಬ್ಬರು ಸೈಕಲ್ಲಿಗೆ ಎಂಜಿನ್ ಕಟ್ಟಲು ಹೊರಟರು. ಮುಂದಿನ ಮೂವತ್ತು ವರ್ಷಗಳಲ್ಲಿ ಇಂಥ ತಯಾರಕರು ನೂರಾರು ಮಂದಿ ಹುಟ್ಟಿಕೊಂಡರು.

ಇವರೆಲ್ಲ ದೊಡ್ಡ ಸಾಹುಕಾರರೆಂದು ತಿಳಿಯಬೇಡಿ. ವುಲ್ವರ್‌ಹ್ಯಾಂಪ್ಟನ್ನಿನ ಸ್ಟೀವನ್ಸ್ ಸಹೋದರರು ಒಬ್ಬ ಕಮ್ಮಾರನ ಮಕ್ಕಳು, ಎ.ಜೆ.ಎಸ್. ಎಂಬ ಗಾಡಿ ಮಾಡಿದವರು ಅವರೇ. ಟ್ರಯಂಫ್ ಕಂಪನಿ ಕಟ್ಟಿದ ಸೀಗ್‌ಫ್ರೀಡ್ ಬೆಟ್‌ಮನ್ ಜರ್ಮನಿಯಿಂದ ಹೊಟ್ಟೆಪಾಡಿಗೆ ಬಂದವರು. ಅವರ 1902ರ ಮೊದಲ ಮೋಟಾರು ಸೈಕಲ್ಲಿನಲ್ಲಿ ಇದ್ದದ್ದು ಬೆಲ್ಜಿಯಂ ದೇಶದ ಎಂಜಿನ್. ವೆಲೊಸೆಟ್ ಗಾಡಿಯ ಗುಡ್‌ಮನ್ ಕುಟುಂಬದ ಹಿರಿಯರೂ ಜರ್ಮನಿಯಿಂದ ವಲಸೆ ಬಂದವರೇ. ರೆಡಿಚ್ ಎಂಬ ಊರು ಬಟ್ಟೆ ಹೊಲಿಯುವ ಸೂಜಿಗೆ ಹೆಸರಾಗಿತ್ತು. ಅಲ್ಲಿಯ ಒಂದು ಸೂಜಿ ಕಾರ್ಖಾನೆಯೇ ಸೈಕಲ್ ಕಾರ್ಖಾನೆಯಾಗಿ, 1901ರಲ್ಲಿ ಮೋಟಾರು ಸೈಕಲ್ ಮಾಡಿ, ರಾಯಲ್ ಎನ್‌ಫೀಲ್ಡ್ ಆಯಿತು. ನಮ್ಮ ತಾಯಂದಿರು ಕೌದಿ ಹೊಲಿಯುವ ಸೂಜಿಗೂ ಬುಲೆಟ್ ಗಾಡಿಗೂ ಹೀಗೊಂದು ನಂಟಿದೆ.

ಈ ಸಣ್ಣ ತಯಾರಕರು ಕೆಲಸ ಮಾಡುತ್ತಿದ್ದ ರೀತಿ ತಾಂಡೂರಿನವರಿಗೆ ಬೇಗ ಅರ್ಥವಾಗುತ್ತದೆ. ಅಲ್ಲಿ ಒಂದು ಸಣ್ಣ ಪಾಲಿಶ್ ಕಾರ್ಖಾನೆ ಇಟ್ಟವನು ಕಲ್ಲನ್ನು ತಾನೇ ಅಗೆಯುವುದಿಲ್ಲ. ಗಣಿಯಿಂದ ಹಾಸುಗಲ್ಲು ತರಿಸಿ, ಕೊಯ್ದು, ಉಜ್ಜಿ, ತನ್ನ ಗುರುತು ಹಾಕಿ ಮಾರುತ್ತಾನೆ. ಇಂಗ್ಲೆಂಡಿನ ಸಣ್ಣ ತಯಾರಕನೂ ಹಾಗೆಯೇ. ಎಂಜಿನ್ನನ್ನು ಲಂಡನ್ನಿನ ಜೆ.ಎ.ಪಿ. ಕಾರ್ಖಾನೆಯಿಂದಲೋ ವುಲ್ವರ್‌ಹ್ಯಾಂಪ್ಟನ್ನಿನ ವಿಲಿಯರ್ಸ್ ಕಾರ್ಖಾನೆಯಿಂದಲೋ ತರಿಸುತ್ತಿದ್ದ. ಗೇರು, ಬೆಲ್ಟು, ಚಕ್ರ, ದೀಪ ಬೇರೆ ಬೇರೆಯವರಿಂದ ಬರುತ್ತಿದ್ದವು. ಅವನ ಶೆಡ್ಡಿನಲ್ಲಿ ಕೊಳವೆಗಳನ್ನು ಕಾಯಿಸಿ ಹಿತ್ತಾಳೆ ಬೆಸುಗೆ ಹಾಕಿ ಚೌಕಟ್ಟು ಕಟ್ಟುತ್ತಿದ್ದರು, ಟಾಕಿಗೆ ಬಣ್ಣ ಬಳಿದು ಹೆಸರು ಬರೆಯುತ್ತಿದ್ದರು. ಐದಾರು ಮಂದಿ ಒಳ್ಳೆಯ ಕೆಲಸಗಾರರಿದ್ದರೆ ಒಂದು ಕಂಪನಿ ನಡೆಯುತ್ತಿತ್ತು. ವಿಲಿಯರ್ಸಿನವರೂ 1898ರಲ್ಲಿ ಆರಂಭಿಸಿದ್ದು ಸೈಕಲ್ಲಿನ ಪೆಡಲು ಮಾಡುವುದರಿಂದ. ಆ ಕಾಲದ ಎಷ್ಟೋ ಗಾಡಿಗಳಿಗೆ ಕ್ಲಚ್ಚೂ ಇರಲಿಲ್ಲ, ಗೇರೂ ಇರಲಿಲ್ಲ. ತಳ್ಳಿಕೊಂಡು ಓಡಬೇಕು, ಎಂಜಿನ್ ಹಿಡಿದೊಡನೆ ಹಾರಿ ಕೂರಬೇಕು.

ತಮ್ಮ ಗಾಡಿ ಗಟ್ಟಿ ಎಂದು ಜನರಿಗೆ ತೋರಿಸಲು ಅವರು ಪಂದ್ಯಕ್ಕೆ ಹೋಗುತ್ತಿದ್ದರು. 1907ರ ಮೇ 28ರಂದು ಐಲ್ ಆಫ್ ಮ್ಯಾನ್ ಎಂಬ ದ್ವೀಪದಲ್ಲಿ ಟಿ.ಟಿ. ಪಂದ್ಯ ಮೊದಲ ಬಾರಿ ನಡೆಯಿತು. ಒಂದು ಸಿಲಿಂಡರಿನ ಗಾಡಿಗಳಲ್ಲಿ ಗೆದ್ದವನು ಮ್ಯಾಚ್‌ಲೆಸ್ ತಯಾರಕರ ಮನೆಯ ಮಗ ಚಾರ್ಲಿ ಕಾಲಿಯರ್. ಎರಡು ಸಿಲಿಂಡರಿನದರಲ್ಲಿ ಗೆದ್ದದ್ದು ನಾರ್ಟನ್ ಗಾಡಿ. ಅದರ ತಯಾರಕ ಜೇಮ್ಸ್ ನಾರ್ಟನ್ 1898ರಲ್ಲಿ ಸೈಕಲ್ ಬಿಡಿಭಾಗ ಮಾಡುತ್ತ ಆರಂಭಿಸಿದವರು. ಯಂತ್ರದ ಜ್ಞಾನ ಅವರಲ್ಲಿ ತುಂಬ ಇತ್ತು, ಹಣದ ಲೆಕ್ಕ ಅಷ್ಟಿರಲಿಲ್ಲ. 1913ರಲ್ಲಿ ಕಂಪನಿ ಸಾಲದಲ್ಲಿ ಮುಳುಗಿ ಬೇರೆಯವರ ಕೈ ಸೇರಿತು. ಅವರು ತಮ್ಮದೇ ಹೆಸರಿನ ಕಂಪನಿಯಲ್ಲಿ ಇನ್ನೊಬ್ಬರ ಜೊತೆ ಕೆಲಸ ಮಾಡುವವರಾದರು. ಯಾರ್ಕ್‌ಷೈರಿನ ಆಲ್ಫ್ರೆಡ್ ಸ್ಕಾಟ್ ನೀರಿನಿಂದ ತಣ್ಣಗಾಗುವ ಎರಡು ಸಿಲಿಂಡರಿನ ಎಂಜಿನ್ ಮಾಡಿದರು, ಅವರ ಗಾಡಿಗಳು 1912ರಲ್ಲೂ 1913ರಲ್ಲೂ ಅದೇ ಪಂದ್ಯ ಗೆದ್ದವು. ಕೆಲವೇ ವರ್ಷಗಳಲ್ಲಿ ಅವರೂ ತಾವು ಕಟ್ಟಿದ ಕಂಪನಿಯನ್ನು ಬಿಟ್ಟು ಹೊರಬಂದರು. ಜಾಣ್ಮೆ ಒಬ್ಬನದು, ಒಡೆತನ ಇನ್ನೊಬ್ಬನದು. ಈ ಕಥೆಯಲ್ಲಿ ಇದು ಮತ್ತೆ ಮತ್ತೆ ಬರುತ್ತದೆ.

ಹಾಗಾದರೆ ಆ ನೂರಾರು ಕಂಪನಿಗಳು ಏಕೆ ಉಳಿಯಲಿಲ್ಲ? ಕಾರಣಗಳು ಮೂರು ನಾಲ್ಕು ಇವೆ.

ಮೊದಲನೆಯದು, ಎಂಜಿನ್ನನ್ನೇ ಹೊರಗಿನಿಂದ ಕೊಳ್ಳುವವನಿಗೆ ತನ್ನದೆಂಬ ಹಿಡಿತ ಕಡಿಮೆ. ಅದೇ ಎಂಜಿನ್ ಪಕ್ಕದವನಿಗೂ ಸಿಗುತ್ತದೆ. ಎರಡನೆಯದು ಅಗ್ಗದ ಕಾರು. ಹೆಂಡತಿ ಮಕ್ಕಳನ್ನು ಪಕ್ಕದ ತೊಟ್ಟಿಲಿನಂಥ ಸೈಡ್‌ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ ಸಂಸಾರಸ್ಥರು 1922ರಲ್ಲಿ ಆಸ್ಟಿನ್ ಸೆವೆನ್ ಎಂಬ ಸಣ್ಣ ಕಾರು ಬಂದ ಮೇಲೆ ಮೆಲ್ಲಗೆ ಆ ಕಡೆ ತಿರುಗಿದರು. ಮೂರನೆಯದು 1929ರ ನಂತರ ಲೋಕವೆಲ್ಲ ಕಂಡ ಮುಗ್ಗಟ್ಟು. ಕಮ್ಮಾರನ ಮಕ್ಕಳ ಎ.ಜೆ.ಎಸ್. 1931ರಲ್ಲಿ ಮ್ಯಾಚ್‌ಲೆಸ್‌ನವರಿಗೆ ಮಾರಾಟವಾಯಿತು. ಅಂಥ ದೊಡ್ಡ ಹೆಸರೇ ಹೋದ ಮೇಲೆ ಐದಾರು ಆಳಿನ ಶೆಡ್ಡುಗಳ ಗತಿ ಹೇಳಬೇಕಾದದ್ದಿಲ್ಲ.

ಆಮೇಲೆ ಎರಡನೆಯ ಮಹಾಯುದ್ಧ. ನಾಟಿಂಗ್‌ಹ್ಯಾಮಿನ ಜಾರ್ಜ್ ಬ್ರಫ್ ಎಂಬವರು ಇಪ್ಪತ್ತು ವರ್ಷಗಳಲ್ಲಿ ಸುಮಾರು 3,000 ಗಾಡಿಗಳನ್ನಷ್ಟೇ ಮಾಡಿದ್ದರು, ಒಂದೊಂದೂ ಆಭರಣದಂತೆ. ಯುದ್ಧ ಬಂದಾಗ ಅವರ ಕಾರ್ಖಾನೆ ವಿಮಾನದ ಎಂಜಿನ್ನಿಗೆ ಭಾಗ ಮಾಡತೊಡಗಿತು. 1940ರಲ್ಲಿ ನಿಂತ ಗಾಡಿಯ ಕೆಲಸ ಮತ್ತೆ ಶುರುವಾಗಲಿಲ್ಲ. 1940ರ ನವೆಂಬರ್ 19ರ ರಾತ್ರಿ ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಾರ್ಖಾನೆಯ ಮೇಲೆ ಬಾಂಬು ಬಿದ್ದು ರಾತ್ರಿ ಪಾಳಿಯಲ್ಲಿದ್ದ 53 ಮಂದಿ ಕಾರ್ಮಿಕರು ಸತ್ತರು. ಟಾಕಿಯ ಮೇಲಿನ ಆ ಮೂರು ಅಕ್ಷರಗಳನ್ನು ನೋಡಿದಾಗ ನಮಗೆ ಈಗ ಇವರ ನೆನಪು ಬರುತ್ತದೆ. ಇಂದು ಇಲ್ಲಿ ಕೂತಿರುವವರಲ್ಲಿ ರಾತ್ರಿ ಪಾಳಿ ಮಾಡುವವರು ಎಷ್ಟೋ ಮಂದಿ ಇದ್ದೀರಿ.

ನಾಲ್ಕನೆಯ ಕಾರಣ ಎಲ್ಲಕ್ಕಿಂತ ಮುಖ್ಯವಾದದ್ದು. ಯುದ್ಧ ಮುಗಿದ ಮೇಲೆ ಉಳಿದುಕೊಂಡ ಕಂಪನಿಗಳಿಗೆ ಒಳ್ಳೆಯ ವ್ಯಾಪಾರವಾಯಿತು. ಆದರೆ ಬಂದ ಲಾಭ ಹೊಸ ಯಂತ್ರಕ್ಕೂ ಹೊಸ ವಿನ್ಯಾಸಕ್ಕೂ ಸಾಕಷ್ಟು ತಿರುಗಿ ಬರಲಿಲ್ಲ. ಸವೆದ ಲೇತುಗಳಲ್ಲೇ ಕೆಲಸ ಸಾಗಿತು. ಜಪಾನಿನ ಹೋಂಡಾದವರು 1959ರಲ್ಲಿ ಆ ದ್ವೀಪದ ಪಂದ್ಯಕ್ಕೆ ಮೊದಲ ಸಲ ಬಂದರು, 1961ರಲ್ಲಿ ಗೆದ್ದರು. 1969ರಲ್ಲಿ ನಾಲ್ಕು ಸಿಲಿಂಡರಿನ, ಗುಂಡಿ ಒತ್ತಿದರೆ ಹೊರಡುವ, ಎಣ್ಣೆ ಸೋರದ ಗಾಡಿಯನ್ನು ಪೇಟೆಗೆ ಬಿಟ್ಟರು. ವಿನ್ಸೆಂಟ್ ಕಂಪನಿ 1955ರಲ್ಲೇ ಗಾಡಿ ನಿಲ್ಲಿಸಿತ್ತು. ಗುಡ್‌ಮನ್ ಕುಟುಂಬದ ವೆಲೊಸೆಟ್ 1971ರಲ್ಲಿ ಮುಚ್ಚಿತು. 1973ರಲ್ಲಿ ಬಿ.ಎಸ್.ಎ. ಕುಸಿಯಿತು. ಕೆಲಸಗಾರರ ಮುಷ್ಕರಗಳೇ ಕಾರಣ ಎಂದು ಹೇಳಿದವರು ಬಹಳ. ಮುಷ್ಕರಗಳು ಇದ್ದವು, ಇಲ್ಲವೆನ್ನುವುದಿಲ್ಲ. ಆದರೆ 1975ರಲ್ಲಿ ಅಲ್ಲಿಯ ಸರ್ಕಾರ ತಜ್ಞರಿಂದ ಮಾಡಿಸಿದ ವರದಿ ಬೇರೊಂದು ಮಾತು ಹೇಳಿತು: ಕಂಪನಿಗಳು ಇಂದಿನ ಲಾಭವನ್ನು ನೋಡಿ ನಾಳೆಯ ಪೇಟೆಯನ್ನು ಬಿಟ್ಟುಕೊಟ್ಟವು. ಬಿತ್ತನೆಯ ಕಾಳನ್ನೇ ಬೀಸಿ ರೊಟ್ಟಿ ಮಾಡಿದವನ ಹೊಲದಂತಾಯಿತು.

ಈಗ ನಮ್ಮ ಸಂಘದವರು ಕಿವಿಗೊಟ್ಟು ಕೇಳಬೇಕಾದ ಸಂಗತಿ. ಟ್ರಯಂಫ್ ಗಾಡಿಯ ಕಾರ್ಖಾನೆ ಕೊವೆಂಟ್ರಿಯ ಹತ್ತಿರ ಮೆರಿಡನ್ ಎಂಬ ಹಳ್ಳಿಯಲ್ಲಿತ್ತು. 1973ರ ಸೆಪ್ಟೆಂಬರಿನಲ್ಲಿ ಹೊಸ ಆಡಳಿತ ಅದನ್ನು ಮುಚ್ಚುತ್ತೇವೆ ಎಂದಿತು. ಕಾರ್ಮಿಕರು ಮನೆಗೆ ಹೋಗಲಿಲ್ಲ. ಗೇಟಿನಲ್ಲಿ ಕಾವಲು ಕೂತರು. ಒಳಗಿನ ಗಾಡಿಯನ್ನೂ ಯಂತ್ರವನ್ನೂ ಹೊರಗೆ ಬಿಡಲಿಲ್ಲ. ಚಳಿಗಾಲ ಕಳೆಯಿತು, ಸರ್ಕಾರ ಬದಲಾಯಿತು. ಕೈಗಾರಿಕಾ ಮಂತ್ರಿ ಟೋನಿ ಬೆನ್ ಅವರ ಬೆಂಬಲದಿಂದ ಸಾಲ ದೊರೆತು, 1975ರ ಮಾರ್ಚಿನಲ್ಲಿ ಕಾರ್ಮಿಕರದೇ ಸಹಕಾರ ಸಂಘ ಆ ಕಾರ್ಖಾನೆಯನ್ನು ನಡೆಸತೊಡಗಿತು. ಆರಂಭದಲ್ಲಿ ಅಲ್ಲಿ ಎಲ್ಲರಿಗೂ ಒಂದೇ ಸಂಬಳ, ವಾರಕ್ಕೆ 50 ಪೌಂಡು. ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮ್ಯವನ್ನು ಕೇಳಿ ಬೆಳೆದ ನಮಗೆ ಇದನ್ನು ಓದುವಾಗ ಮೈ ನವಿರೆದ್ದಿತು.

ಆದರೆ ಅರ್ಧ ಕಥೆ ಹೇಳಿ ನಿಮ್ಮನ್ನು ಕಳಿಸುವುದು ನ್ಯಾಯವಲ್ಲ. ಆ ಸಂಘ ಎಂಟು ವರ್ಷ ಗಾಡಿ ಮಾಡಿ 1983ರ ಆಗಸ್ಟಿನಲ್ಲಿ ಮುಚ್ಚಿತು. ಹಳೆಯ ವಿನ್ಯಾಸ, ಹೊಸದು ಮಾಡಲು ಇಲ್ಲದ ಹಣ, ತಲೆಯ ಮೇಲಿನ ಸಾಲ, ಅಮೆರಿಕದ ಪೇಟೆಯಲ್ಲಿ ಇಳಿದ ಮಾರಾಟ, ಇವೆಲ್ಲ ಸೇರಿದವು. ಅವರು ಸೋತರು. ಆದರೆ ಮುಚ್ಚಿಹೋಗಬೇಕಿದ್ದ ಕಾರ್ಖಾನೆಯಲ್ಲಿ ಎಂಟು ವರ್ಷ ನೂರಾರು ಮನೆಗಳ ಒಲೆ ಉರಿಯಿತು. ಒಡೆಯರು ಸವೆಸಿಬಿಟ್ಟ ಯಂತ್ರ ಅವರ ಕೈಗೆ ಬಂದದ್ದು ಅವರ ತಪ್ಪಲ್ಲ. ಟ್ರಯಂಫ್ ಎಂಬ ಹೆಸರನ್ನು ಜಾನ್ ಬ್ಲೂರ್ ಎಂಬ ಮನೆ ಕಟ್ಟುವ ಉದ್ಯಮಿ ಕೊಂಡು ಬೇರೆ ಊರಿನಲ್ಲಿ ಹೊಸ ಕಾರ್ಖಾನೆ ಕಟ್ಟಿದರು. ಹೆಸರು ಮತ್ತೆ ಬದುಕಿತು.

ಇನ್ನು ನಮ್ಮ ಕಡೆಗೆ ಬರೋಣ. ತೋಟದ ಬಂಧುಗಳಿಗೆ ಈ ಗಾಡಿಗಳ ಸದ್ದು ಚೆನ್ನಾಗಿ ಗೊತ್ತು. ದೊರೆಗಳ ಬುಲೆಟ್ಟು ತಿರುವಿನಲ್ಲಿ ಕೇಳಿಸಿದೊಡನೆ ಮೇಸ್ತ್ರಿಯ ದನಿ ಏರುತ್ತಿತ್ತು ಎಂದು ಹಿರಿಯರು ನಗುತ್ತಾ ಹೇಳುತ್ತಾರೆ. ಆ ಬುಲೆಟ್ಟು ಸೂಜಿಯ ಊರಾದ ರೆಡಿಚ್‌ನದು. 1955ರಲ್ಲಿ ಮದರಾಸಿನ ತಿರುವೊಟ್ಟಿಯೂರಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಕಂಪನಿ ಆರಂಭವಾಯಿತು. ಮೊದಲು ಅಲ್ಲಿಂದ ಬಂದ ಭಾಗಗಳನ್ನು ಜೋಡಿಸಿದರು. ಆಮೇಲೆ ಎಲ್ಲವನ್ನೂ ಇಲ್ಲೇ ಮಾಡಲು ಕಲಿತರು. ರೆಡಿಚ್ ಕಾರ್ಖಾನೆ 1967ರಲ್ಲಿ ಮುಚ್ಚಿತು, ಇಂಗ್ಲೆಂಡಿನ ಕಂಪನಿ 1970ರಲ್ಲಿ ಮುಗಿಯಿತು. ಮದರಾಸಿನ ಕೈಗಳು ಕಲಿತಿದ್ದರಿಂದ ಗಾಡಿ ನಿಲ್ಲಲಿಲ್ಲ.

ಮೈಸೂರಿನ ಜಾವಾ, ಯೆಜ್ಡಿ ಗಾಡಿಗಳೂ ನಿಮಗೆ ಗೊತ್ತು. ಜಾವಾ ಮೂಲದಲ್ಲಿ ಚೆಕ್ ದೇಶದ್ದು, 1929ರಲ್ಲಿ ಹುಟ್ಟಿದ್ದು. ಅದಕ್ಕೂ ನಾವು ಹೇಳುತ್ತಿರುವ ಕಥೆಗೂ ಸಂಬಂಧವಿದೆ. ಜಾರ್ಜ್ ಪ್ಯಾಚೆಟ್ ಎಂಬ ಇಂಗ್ಲಿಷ್ ಕುಶಲಿ ಅಲ್ಲಿಗೆ ಹೋಗಿ ಕೆಲಸ ಮಾಡಿದರು. 1932ರಲ್ಲಿ ಜಾವಾಕ್ಕೆ ಹೆಸರು ತಂದ ಸಣ್ಣ ಗಾಡಿಯಲ್ಲಿ ಇದ್ದದ್ದು ಆ ಪೆಡಲು ಮಾಡುವವರ ವಿಲಿಯರ್ಸ್ ಎಂಜಿನ್ನು. 1960ರಲ್ಲಿ ಇರಾನಿ ಕುಟುಂಬದವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಮುಂದೆ 1970ರ ದಶಕದಲ್ಲಿ ಗಾಡಿಗೆ ಯೆಜ್ಡಿ ಎಂಬ ಹೆಸರಾಯಿತು. 1985ರಲ್ಲಿ ಹೀರೋ ಹೋಂಡಾದ ಕಡಿಮೆ ಪೆಟ್ರೋಲ್ ಕುಡಿಯುವ 100 ಸಿ.ಸಿ. ಗಾಡಿ ಬಂತು, ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಆದರೂ ಆ ಗಾಡಿಗಳನ್ನು ಇಂದಿಗೂ ಜನ ಜೋಪಾನವಾಗಿ ಓಡಿಸುತ್ತಾರೆ. ಅದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಆ ಕಾರ್ಮಿಕರಿಗೆ ಬೇರೆ ಬೇಕಿಲ್ಲ. ಆದರೆ ಪ್ರಶಸ್ತಿಪತ್ರದಿಂದ ಹೊಟ್ಟೆ ತುಂಬುವುದಿಲ್ಲ.

ಇಂದು ಲೆಕ್ಕ ನೋಡಿ. ರಾಯಲ್ ಎನ್‌ಫೀಲ್ಡ್ ಐಷರ್ ಕಂಪನಿಯದು. ಬಿ.ಎಸ್.ಎ. ಮಹೀಂದ್ರ ಬಳಗದ್ದು. ನಾರ್ಟನ್ ಹೆಸರನ್ನು 2020ರ ಏಪ್ರಿಲಿನಲ್ಲಿ ಹೊಸೂರಿನ ಟಿ.ವಿ.ಎಸ್. ಕಂಪನಿ 160 ಲಕ್ಷ ಪೌಂಡಿಗೆ ಕೊಂಡಿತು. ಒಂದು ಕಾಲಕ್ಕೆ ನಮ್ಮನ್ನು ಆಳಿದವರ ಹೆಸರುಗಳು ಈಗ ನಮ್ಮ ದೇಶದವರ ಕೈಯಲ್ಲಿವೆ ಎಂದು ಹೆಮ್ಮೆಪಡುವವರು ಪಡಲಿ. ನಮ್ಮ ಕಣ್ಣಿಗೆ ಬಿದ್ದದ್ದು ಬೇರೆ. ನಲವತ್ತು ವರ್ಷ ಸತ್ತಂತಿದ್ದ ಹೆಸರಿಗೂ ಕೋಟಿಗಟ್ಟಲೆ ಬೆಲೆ ಇದೆ. ನಲವತ್ತು ವರ್ಷ ದುಡಿದ ಕೈಗೆ ಅಂಥ ಬೆಲೆಯನ್ನು ಯಾರೂ ಕಟ್ಟುವುದಿಲ್ಲ. ಹೆಸರಿಗೆ ದಾಖಲೆ ಇದೆ, ನೋಂದಣಿ ಇದೆ, ವಕೀಲರಿದ್ದಾರೆ. ಕೈಗೆ ಏನಿದೆ?

ನಾವು ಸಂಘದ ಕೆಲಸದಲ್ಲಿ ಕಂಡ ಒಂದು ಸಂಗತಿ ಹೇಳುತ್ತೇವೆ. ಒಂದು ಕಾರ್ಖಾನೆ ಮುಚ್ಚಿತು. ಯಾವುದು ಎಂಬುದು ಬೇಡ. ಅಲ್ಲಿ 22 ವರ್ಷ ದುಡಿದ ಹಿರಿಯರೊಬ್ಬರು ತಮ್ಮ ಹಣ ಕೇಳಲು ನಮ್ಮನ್ನು ಕರೆದುಕೊಂಡು ಹೋದರು. ಮೂರು ರಿಜಿಸ್ಟರಿನಲ್ಲಿ ಅವರ ಹೆಸರು ಮೂರು ಬಗೆಯಾಗಿ ಇತ್ತು. ಒಂದರಲ್ಲಿ ಮನೆಯಲ್ಲಿ ಕರೆಯುವ ಹೆಸರು, ಒಂದರಲ್ಲಿ ದೀಕ್ಷಾಸ್ನಾನದ ಹೆಸರು, ಇನ್ನೊಂದರಲ್ಲಿ ಗುತ್ತಿಗೆದಾರನ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ ಹೆಸರು. ಈ ಮೂವರೂ ಒಬ್ಬನೇ ಮನುಷ್ಯ ಎಂದು ಒಪ್ಪಿಸಲು ಆರು ತಿಂಗಳು ಹಿಡಿಯಿತು. ಆ ಆರು ತಿಂಗಳು ಅವರ ಮನೆಯಲ್ಲಿ ಸಾಲದ ಜೋಳದ ರೊಟ್ಟಿ. ಕಾರ್ಖಾನೆಯ ಹೆಸರಿನ ಒಂದು ಅಕ್ಷರವನ್ನೂ ಯಾರೂ ತಪ್ಪಾಗಿ ಬರೆದಿರಲಿಲ್ಲ.

ಆದ್ದರಿಂದ ಈ ದೂರದೇಶದ ಕಥೆಯಿಂದ ನಾವು ಮನೆಗೆ ಒಯ್ಯಬೇಕಾದದ್ದು ನಾಲ್ಕು ಮಾತು.

ಒಂದು, ನಿಮ್ಮ ಹೆಸರನ್ನು ಕಂಪನಿಯವರು ತಮ್ಮ ಹೆಸರನ್ನು ಕಾಯುವಂತೆ ಕಾಯಿರಿ. ಸಂಬಳದ ಚೀಟಿ, ಪಿ.ಎಫ್. ನಂಬರು, ಆಧಾರ್, ಬ್ಯಾಂಕ್ ಪುಸ್ತಕ ಎಲ್ಲದರಲ್ಲೂ ಹೆಸರು ಒಂದೇ ಇದೆಯೆ ಎಂದು ಈ ವಾರವೇ ನೋಡಿರಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಂದ ಓದಿಸಿರಿ. ಕಬ್ಬು ಕಡಿಯಲು ಊರು ಬಿಡುವ ನಾರಾಯಣಖೇಡದ ಬಂಧುಗಳು ಮುಂಗಡದ ಲೆಕ್ಕವನ್ನು ಬರೆಸಿಕೊಂಡೇ ಹೊರಡಿರಿ.

ಎರಡು, ಒಂದೇ ಬೋಲ್ಟು ಬಿಗಿಯುವುದಕ್ಕೆ ತೃಪ್ತರಾಗಬೇಡಿ, ಪೂರ್ತಿ ಕೆಲಸ ಕಲಿಯಿರಿ. ಕಂಪನಿ ಸತ್ತರೂ ಪ್ಯಾಚೆಟ್‌ನಂತೆ ಕೆಲಸ ಬಲ್ಲವನು ಬೇರೆ ದೇಶದಲ್ಲೂ ಬದುಕಿದ.

ಮೂರು, ಸಂಘದವರು ಸಂಬಳದ ಜೊತೆಗೆ ಯಂತ್ರದ ಮಾತನ್ನೂ ಆಡಬೇಕು. ಲಾಭ ಬಂದ ವರ್ಷ ಹೊಸ ಲೇತು ಬಂತೆ, ಹುಡುಗರಿಗೆ ತರಬೇತಿ ಸಿಕ್ಕಿತೆ ಎಂದು ಕೇಳಬೇಕು. ತೋಟದಲ್ಲಾದರೆ ಹಳೆಯ ಗಿಡ ಕಿತ್ತು ಹೊಸ ಗಿಡ ನೆಡುತ್ತಿದ್ದಾರೆಯೆ ಎಂದು ಕೇಳಬೇಕು. ಹೊಸ ಗಿಡ ನೆಡದ ತೋಟದಲ್ಲಿ ನಿಮ್ಮ ಮಕ್ಕಳಿಗೆ ಕೆಲಸವಿಲ್ಲ.

ನಾಲ್ಕು, ದುಡಿಮೆಯೂ ಉಳಿತಾಯವೂ ಒಂದೇ ಕಡೆ ಇರಬಾರದು. 2020ರಲ್ಲಿ ನಾರ್ಟನ್ ಕಂಪನಿ ಮತ್ತೆ ಮುಳುಗಿದಾಗ, ಮುಪ್ಪಿನ ಕಾಲದ ಪಿಂಚಣಿ ಹಣವನ್ನು ಅದರಲ್ಲಿ ತೊಡಗಿಸಿದ್ದ ಇನ್ನೂರಕ್ಕೂ ಹೆಚ್ಚು ಮಂದಿ ಕಂಗಾಲಾದರು. ಹೆಸರು ದೊಡ್ಡದೆಂದು ನಂಬಿದವರು ಅವರು.

ಆ ಹುಡುಗ ಇಂದೂ ಬಂದಿದ್ದಾನೆ, ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ತಮ್ಮಾ, ನಿನ್ನ ಅಂಗಡಿಯಂಥ ತಗಡಿನ ಶೆಡ್ಡುಗಳಲ್ಲೇ ಆ ಎಲ್ಲ ದೊಡ್ಡ ಹೆಸರುಗಳು ಹುಟ್ಟಿದವು. ನಿನ್ನ ಉಗುರಿನ ಗ್ರೀಸಿಗೆ ನಾಚಬೇಡ. ಮುಂದಿನ ಸಲ ಯಾವುದಾದರೂ ಹಳೆಯ ಎಂಜಿನ್ ಬಿಚ್ಚಿದಾಗ ಒಳಗೆ ನೋಡು. ಯಾರೋ ಒಬ್ಬ ಕೆಲಸಗಾರನ ಉಳಿಯ ಗುರುತು ಅಲ್ಲಿ ಇನ್ನೂ ಇರುತ್ತದೆ. ಅವನ ಹೆಸರು ಟಾಕಿಯ ಮೇಲೆ ಬರಲಿಲ್ಲ. ನಿನ್ನದು ಕನಿಷ್ಠ ರಿಜಿಸ್ಟರಿನಲ್ಲಿ ಸರಿಯಾಗಿ ಬರುವಂತೆ ನೋಡಿಕೊಳ್ಳುವುದು ನಿನ್ನ ಕೆಲಸವೂ ಹೌದು, ನಮ್ಮ ಕೆಲಸವೂ ಹೌದು.

ತಾಂಡೂರಿನ ಕೊನೆಯ ಬಸ್ಸಿಗೆ ಹೊತ್ತಾಗುತ್ತಿದೆ.